ಹಾಡಿದ್ದು ಗೌಹರ್ ಜಾನ್, ಗಳಿಸಿದ್ದು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ನಮ್ಮಲ್ಲಿ ಒಂದು ಗಾದೆ ಇದೆ. ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ. ದುಡ್ಡು ಎಷ್ಟೇ ಮೆರೆದರೂ ವಿದ್ಯೆ ಅದಕ್ಕಿಂತ ಒಂದು ತಲೆಮಾರು ಮೇಲೆ ಅಂತ ಅರ್ಥ. ಶಾಲೆಯಲ್ಲಿ ಮೇಷ್ಟ್ರು ಇದನ್ನ ಹೇಳಿದಾಗ ನಾವೆಲ್ಲ ತಲೆಯಾಡಿಸಿದ್ದೇವೆ. ಆದರೆ ಈ ಗಾದೆ ಒಂದು ವಿಷಯ ಹೇಳೋದಿಲ್ಲ. ಅಪ್ಪನಿಂದ ಮಗ ಹುಟ್ಟುತ್ತಾನೆ ಸರಿ, ಆದರೆ ಮಗ ಅಪ್ಪನ ಮನೆಯಲ್ಲೇ ಉಳೀತಾನೆ ಅಂತ ಏನು ಗ್ಯಾರಂಟಿ? ಪ್ರತಿಭೆಯಿಂದ ದುಡ್ಡು ಹುಟ್ಟುತ್ತೆ. ಹುಟ್ಟಿದ ಮೇಲೆ ಅದು ಯಾರ ಮನೆ ಸೇರುತ್ತೆ ಅನ್ನೋದು ಬೇರೆಯೇ ಪ್ರಶ್ನೆ.

ಇವತ್ತು ಆ ಪ್ರಶ್ನೆಯನ್ನ ಒಬ್ಬ ಗಾಯಕಿಯ ಜೀವನದ ಮೂಲಕ ನೋಡೋಣ. ಹುಟ್ಟಿದ್ದು ಆಜಂಗಢದಲ್ಲಿ, ಹೆಸರು ಮಾಡಿದ್ದು ಕಲ್ಕತ್ತೆಯಲ್ಲಿ, ತೀರಿಕೊಂಡಿದ್ದು ನಮ್ಮ ಮೈಸೂರಿನಲ್ಲಿ. ಹೆಸರು ಗೌಹರ್ ಜಾನ್. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಆಗಿನ ಬಿಜಾಪುರ ಜಿಲ್ಲೆ ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರ ಅಕ್ಕ ಗೋಹರಬಾಯಿ ಬೇರೆ, ಇವರು ಬೇರೆ.

ಗೌಹರ್ ಹುಟ್ಟಿದ್ದು 1873ರಲ್ಲಿ. ಆಗ ಅವರ ಹೆಸರು ಏಂಜಲೀನಾ ಯೋವರ್ಡ್. ಅಪ್ಪ ಎಂಜಿನಿಯರ್, ಅಮ್ಮ ವಿಕ್ಟೋರಿಯಾ ಸಂಗೀತ ಬಲ್ಲವರು. ಮಗಳಿಗೆ ಆರು ವರ್ಷ ಆಗೋ ಹೊತ್ತಿಗೆ ಅಪ್ಪ ಅಮ್ಮ ಬೇರೆಯಾದರು. ತಾಯಿ ಮಗಳು ಬನಾರಸಿಗೆ ಬಂದು ಇಸ್ಲಾಂ ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದರು, ಏಂಜಲೀನಾ ಗೌಹರ್ ಜಾನ್ ಆದಳು. 1883ರಲ್ಲಿ ಇಬ್ಬರೂ ಕಲ್ಕತ್ತೆ ಸೇರಿದರು. ಅವಧ್‌ನ ಗಡೀಪಾರಾದ ನವಾಬ ವಾಜಿದ್ ಅಲಿ ಷಾ ಅಲ್ಲಿನ ಮಟಿಯಾ ಬುರ್ಜ್‌ನಲ್ಲಿ ಪುಟ್ಟದೊಂದು ಲಖನೌವನ್ನೇ ಕಟ್ಟಿಕೊಂಡಿದ್ದ ಕಾಲ ಅದು. ಮಲ್ಕಾ ಜಾನ್ ಅಲ್ಲಿ ಹೆಸರು ಮಾಡಿದರು. ಕೆಲವೇ ವರ್ಷಗಳಲ್ಲಿ ಚಿತ್ಪುರ ರಸ್ತೆಯಲ್ಲಿ ಸ್ವಂತ ಕಟ್ಟಡ ಕೊಂಡರು. ಗಂಡನ ಆಸರೆ ಇಲ್ಲದೆ, ಮಗಳನ್ನ ಕಟ್ಟಿಕೊಂಡು, ಬರೀ ವಿದ್ಯೆಯಿಂದ. ಮಗಳು 1887ರಲ್ಲಿ, ಹದಿನಾಲ್ಕನೇ ವಯಸ್ಸಿಗೇ, ದರ್ಭಾಂಗಾ ಮಹಾರಾಜರ ಆಸ್ಥಾನದಲ್ಲಿ ಮೊದಲ ಕಛೇರಿ ಕೊಟ್ಟಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ತಾಯಿ ಮಗಳು ತವಾಯಿಫ್ ಪರಂಪರೆಯವರು. ಅಂದರೆ ಉತ್ತರ ಭಾರತದ ವೃತ್ತಿನಿರತ ಗಾಯಕಿ, ನರ್ತಕಿಯರು. ಸಿನಿಮಾಗಳು ಇವರನ್ನ ತೋರಿಸಿರೋ ರೀತಿಯಿಂದ ನಮ್ಮ ತಲೆಯಲ್ಲಿ ಒಂದೇ ಚಿತ್ರ ಕೂತುಬಿಟ್ಟಿದೆ. ಕಾಮರ್ಸ್ ಓದಿದವನಾದ ನನಗೆ ಹಿಡಿಸಿದ್ದು ಇನ್ನೊಂದು ಚಿತ್ರ. ಇತಿಹಾಸಕಾರ್ತಿ ವೀಣಾ ಓಲ್ಡನ್‌ಬರ್ಗ್ ಅವರು ಲಖನೌ ನಗರದ 1858ರಿಂದ 1877ರವರೆಗಿನ ತೆರಿಗೆ ಪುಸ್ತಕಗಳನ್ನ ತಿರುವಿ ಹಾಕಿದಾಗ ಅತಿ ಹೆಚ್ಚು ತೆರಿಗೆ ಕಟ್ಟುವವರ ಸಾಲಿನಲ್ಲಿ ಸಿಕ್ಕಿದ್ದು ಇದೇ ಹೆಂಗಸರು. ಹೆಚ್ಚಿನ ಹೆಣ್ಣುಮಕ್ಕಳ ಹೆಸರಲ್ಲಿ ಒಂದು ತುಂಡು ನೆಲವೂ ಇರದಿದ್ದ ಕಾಲದಲ್ಲಿ ಇವರ ಹೆಸರಲ್ಲಿ ಮನೆ, ತೋಟ, ಅಂಗಡಿ ಇದ್ದವು. ಕಲೆಯಿಂದ ದುಡ್ಡು ಮಾಡೋದು ಇವರಿಗೆ ಹೊಸದೇನಲ್ಲ.

ಆದರೆ ಆ ದುಡ್ಡು ಬರ್ತಿದ್ದ ರೀತಿ ಗಮನಿಸಿ. ಜಮೀನ್ದಾರರ ಮನೇಲಿ ಮದುವೆ, ರಾಜರ ಆಸ್ಥಾನದಲ್ಲಿ ಹಬ್ಬ. ಕರೆಸ್ತಾರೆ, ಹೋಗಿ ಹಾಡಬೇಕು, ಹಾಡಿದ್ದಕ್ಕೆ ಕಾಣಿಕೆ. ಒಂದು ಸಂಜೆಗೆ ಒಂದು ರೇಟು. ಹಾಡು ಮುಗಿದ ಮೇಲೆ ಅದು ಗಾಳಿಗೆ ಹೋಯ್ತು. ಮತ್ತೆ ಕೇಳಬೇಕು ಅಂದರೆ ಮತ್ತೆ ಕರೆಸಬೇಕು, ಮತ್ತೆ ಕೊಡಬೇಕು. ಕಾಸಿಗೆ ತಕ್ಕ ಕಜ್ಜಾಯ. ಹಾಡು ಹಾಡುವವರ ಗಂಟಲನ್ನ ಬಿಟ್ಟು ಎಲ್ಲೂ ಹೋಗೋಕೆ ಆಗ್ತಿರಲಿಲ್ಲ. ಹಾಗಾಗಿ ಅದರ ಮೇಲಿನ ಹಕ್ಕು ಯಾರದು ಅನ್ನೋ ಪ್ರಶ್ನೆಯೇ ಏಳಲಿಲ್ಲ.

ಆ ಪ್ರಶ್ನೆ ಎದ್ದದ್ದು 1902ರ ಚಳಿಗಾಲದಲ್ಲಿ. ಲಂಡನ್ನಿನ ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಅನ್ನೋ ಯುವಕನನ್ನ ಪೂರ್ವದೇಶಗಳಿಗೆ ಕಳಿಸ್ತು. ವಯಸ್ಸು ಇಪ್ಪತ್ತೊಂಬತ್ತು, ಹೆಚ್ಚೂಕಡಿಮೆ ನನ್ನದೇ. ಕಂಪನಿಯ ಲೆಕ್ಕಾಚಾರ ಸರಳವಾಗಿತ್ತು. ಭಾರತದಲ್ಲಿ ಗ್ರಾಮಫೋನ್ ಮಾರಬೇಕು. ಇಂಗ್ಲಿಷ್ ಹಾಡಿನ ಪ್ಲೇಟು ಇಟ್ಟುಕೊಂಡು ಎಷ್ಟು ಜನಕ್ಕೆ ಮಾರೋದು? ಇಲ್ಲಿನ ಜನಕ್ಕೆ ಇಲ್ಲಿನದೇ ದನಿ ಬೇಕು. ಗೈಸ್‌ಬರ್ಗ್ ಕಲ್ಕತ್ತೆಯ ಒಂದು ಹೋಟೆಲಿನಲ್ಲಿ ತಾತ್ಕಾಲಿಕ ಸ್ಟುಡಿಯೋ ಮಾಡಿಕೊಂಡ.

ಮೊದಲು ಧೈರ್ಯ ಮಾಡಿದವರು ಹೆಂಗಸರು. ಎಷ್ಟೋ ದೊಡ್ಡ ಉಸ್ತಾದರು ಹಿಂಜರಿದರು. ದನಿ ಯಂತ್ರಕ್ಕೆ ಹೋದರೆ ಶಕ್ತಿ ಕುಂದುತ್ತೆ ಅನ್ನೋ ಭಯ ಕೆಲವರಿಗೆ, ತಮ್ಮ ವಿದ್ಯೆ ಬೀದಿ ಪಾಲಾಗುತ್ತೆ ಅನ್ನೋ ಅಳುಕು ಕೆಲವರಿಗೆ. ಗೌಹರ್ ಜಾನ್ ಆಗಲೇ ಕಲ್ಕತ್ತೆಯ ದೊಡ್ಡ ಹೆಸರು, ಆದರೂ ಬಂದು ಕೂತರು. ಪ್ರತಿ ಸಲವೂ ಹೊಸ ಉಡುಪು, ಹೊಸ ಒಡವೆ ಹಾಕ್ಕೊಂಡು ಬರ್ತಿದ್ದರು ಅಂತ ಗೈಸ್‌ಬರ್ಗ್ ನೆನಪಿಸಿಕೊಂಡಿದ್ದಾನೆ.

ಆಗ ಮೈಕ್ ಇಲ್ಲ. ಗೋಡೆಯಿಂದ ಚಾಚಿಕೊಂಡಿರೋ ದೊಡ್ಡ ಕಹಳೆಯೊಳಗೆ ಮುಖ ಇಟ್ಟು ಗಟ್ಟಿಯಾಗಿ ಹಾಡಬೇಕು. ಆ ಕಡೆ ಮೇಣದ ತಟ್ಟೆ ಮೇಲೆ ಮುಳ್ಳು ಗೀರುತ್ತೆ. ಸಮಯ ಮೂರು ನಿಮಿಷದ ಆಸುಪಾಸು, ಅಷ್ಟೇ. ಗಂಟೆಗಟ್ಟಲೆ ಬೆಳೆಸಿ ಹಾಡುವ ರಾಗವನ್ನ ಅಷ್ಟರಲ್ಲೇ ಮುಗಿಸಬೇಕು. ಇದೇನು ಸಣ್ಣ ಕೆಲಸ ಅಲ್ಲ. ರೀಲ್ಸ್ ಮಾಡೋರಿಗೆ ಈ ಕಷ್ಟ ಚೆನ್ನಾಗಿ ಗೊತ್ತು! ಏನನ್ನ ಇಟ್ಟುಕೊಳ್ಳಬೇಕು, ಏನನ್ನ ಬಿಡಬೇಕು, ಎಲ್ಲಿ ಕೇಳುಗನನ್ನ ಹಿಡಿಯಬೇಕು ಅನ್ನೋದನ್ನ ಗೌಹರ್ ತಾವೇ ಕಂಡುಕೊಂಡರು. ಆಮೇಲೆ ಬಂದವರು ಅದೇ ದಾರಿ ಹಿಡಿದರು.

ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಕೂಗಿ ಹೇಳ್ತಿದ್ದರು. ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತೆ. ಇದು ಬರೀ ಠೇಂಕಾರ ಅಲ್ಲ. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕು, ಅಲ್ಲಿ ಪ್ಲೇಟು ಒತ್ತಬೇಕು. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ತಮಾಷೆ ನೋಡಿ, ಆ ಪ್ಲೇಟಿನಲ್ಲಿ ಹೆಸರು ಮಾತ್ರ ಗೌಹರ್ ಅವರದು. ಪ್ಲೇಟು ಕಂಪನಿಯದು.

ಈಗ ದುಡ್ಡಿನ ವಿಷಯ. ಗೌಹರ್ ಚೌಕಾಸಿಯಲ್ಲಿ ಗಟ್ಟಿ. ಒಂದು ರೆಕಾರ್ಡಿಂಗ್ ಸೆಷನ್‌ಗೆ 3,000 ರೂಪಾಯಿ ತಗೊಂಡರು ಅನ್ನೋದು ಎಲ್ಲರೂ ಹೇಳುವ ಮಾತು. ಆ ಕಾಲಕ್ಕೆ ಅದು ಮನೆ ಕೊಳ್ಳೋ ಕಡೆ ಹೋಗುವ ದುಡ್ಡು. ಆದರೆ ಅದು ಒಂದೇ ಸಲದ ದುಡ್ಡು. ಆಗಿನ ಭಾರತದ ಕಲಾವಿದರಿಗೆ ಸಾಮಾನ್ಯವಾಗಿ ಸಿಗ್ತಿದ್ದದ್ದೇ ಅಷ್ಟು: ಬಾ, ಹಾಡು, ಫೀಸು ತಗೋ, ಹೊರಡು. ಪ್ಲೇಟು ನೂರು ಮಾರಿದರೂ ಅಷ್ಟೇ, ಲಕ್ಷ ಮಾರಿದರೂ ಅಷ್ಟೇ.

ಇದನ್ನ ಕಂಪನಿಯ ಮೋಸ ಅಂತ ಹೇಳಿ ಮುಗಿಸಿಬಿಡಬಹುದು. ನನಗೆ ಅಷ್ಟು ಸರಳ ಅನ್ನಿಸೋದಿಲ್ಲ. ಗೌಹರ್ ತಮಗೆ ಗೊತ್ತಿದ್ದ ಲೆಕ್ಕದಲ್ಲಿ ಬೆಲೆ ಕಟ್ಟಿದರು. ಒಂದು ಸಂಜೆಗೆ ಒಂದು ರೇಟು. ಮೆಹಫಿಲ್ ಲೆಕ್ಕದಲ್ಲಿ ನೋಡಿದರೆ ಅದು ಭರ್ಜರಿ ಬೆಲೆಯೇ. ಆದರೆ ಆ ಹೋಟೆಲಿನಲ್ಲಿ ಅವರು ಮಾರಿದ್ದು ಒಂದು ಸಂಜೆಯನ್ನಲ್ಲ. ತೆಂಗಿನ ತೋಟದವರಿಗೆ ಇದು ಬೇಗ ಅರ್ಥವಾಗುತ್ತೆ. ಗೊನೆ ಮಾರೋದು ಬೇರೆ, ಮರ ಮಾರೋದು ಬೇರೆ. ಗೌಹರ್ ಗೊನೆಯ ಲೆಕ್ಕ ಹಾಕಿ ಒಳ್ಳೇ ಬೆಲೆ ತಗೊಂಡರು, ಕಂಪನಿ ಮರವನ್ನೇ ಒಯ್ತು. ಬಿ.ಕಾಂ. ಭಾಷೆಯಲ್ಲಿ ಹೇಳೋದಾದರೆ ಇವರ ಪುಸ್ತಕದಲ್ಲಿ ಅದು ಆದಾಯ, ಅವರ ಪುಸ್ತಕದಲ್ಲಿ ಅದು ಆಸ್ತಿ.

ಎಲ್ಲ ಕಡೆಯೂ ಹೀಗೇ ಇತ್ತಾ? ಇಲ್ಲ. ಇಲ್ಲಿ ಕಥೆ ಸ್ವಲ್ಪ ಹೊತ್ತು ಇಟಲಿಗೆ ಹೋಗಬೇಕು, ಯಾಕಂದರೆ ಇದೇ ಗೈಸ್‌ಬರ್ಗ್ ಇದೇ 1902ರ ಏಪ್ರಿಲ್‌ನಲ್ಲಿ ಮಿಲಾನ್ ನಗರದಲ್ಲಿ ಇನ್ನೊಬ್ಬ ಗಾಯಕನನ್ನ ರೆಕಾರ್ಡ್ ಮಾಡಿದ್ದ. ಅಲ್ಲೂ ಹೋಟೆಲ್ ರೂಮೇ. ಗಾಯಕನ ಹೆಸರು ಎನ್ರಿಕೋ ಕರೂಸೊ. ಹತ್ತು ಹಾಡಿಗೆ 100 ಪೌಂಡ್. ಅದೂ ಒಂದೇ ಸಲದ ಫೀಸು. ಅಂದರೆ 1902ರಲ್ಲಿ ಕರೂಸೊ ಮತ್ತು ಗೌಹರ್ ಇಬ್ಬರೂ ಒಂದೇ ಸ್ಥಿತಿಯಲ್ಲಿದ್ದರು. ಇಬ್ಬರೂ ಮರ ಮಾರಿದವರೇ.

ಆಮೇಲೆ ದಾರಿ ಬೇರೆಯಾಯ್ತು. 1903ರಲ್ಲಿ ಇಟಲಿಯ ಹಿರಿಯ ಗಾಯಕ ಟಮಾನ್ಯೊ ಮಾರಾಟವಾದ ಪ್ರತಿ ಪ್ಲೇಟಿಗೂ ಇಷ್ಟು ಅಂತ ಪಾಲು ಕೇಳಿ ಪಡೆದ. 1904ರಲ್ಲಿ ಕರೂಸೊ ಅಮೆರಿಕದ ವಿಕ್ಟರ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡ, ಅದರಲ್ಲಿ ರಾಯಲ್ಟಿ ಇತ್ತು. ಆತ 1921ರಲ್ಲಿ ತೀರಿಕೊಂಡ ಮೇಲೂ ಪ್ಲೇಟುಗಳು ಮಾರ್ತಾನೇ ಇದ್ದವು, ಮನೆಯವರಿಗೆ ದುಡ್ಡು ಬರ್ತಾನೇ ಇತ್ತು. ಗಂಟಲು ನಿಂತರೂ ಗಳಿಕೆ ನಿಲ್ಲಲಿಲ್ಲ.

ಹಾಗಾದರೆ ಕರೂಸೊ ಪ್ರತಿಭೆ ಗೌಹರ್ ಪ್ರತಿಭೆಗಿಂತ ದೊಡ್ಡದಾ? ಗೌಹರ್ 1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡು ರೆಕಾರ್ಡ್ ಮಾಡಿದರು. ಪೋಸ್ಟ್‌ಕಾರ್ಡ್ ಮೇಲೆ, ಬೆಂಕಿಪೊಟ್ಟಣದ ಮೇಲೆ ಅವರ ಚಿತ್ರ ಬಂತು. 1911ರ ದಿಲ್ಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿ ಜೊತೆ ಐದನೇ ಜಾರ್ಜ್ ಎದುರು ಹಾಡಿದರು. ಪ್ರತಿಭೆಗೇನೂ ಕೊರತೆ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಕರೂಸೊ ಹಾಡು ಬೇಕು ಅಂತ ಪೈಪೋಟಿ ಮಾಡೋ ದೊಡ್ಡ ಕಂಪನಿಗಳು ಅಲ್ಲಿದ್ದವು. ಒಪ್ಪಂದ ಬರೆದುಕೊಡೋ ವಕೀಲರು, ಆತನ ಪರ ಮಾತಾಡೋ ಏಜೆಂಟರು ಇದ್ದರು. ಸಮಾಜ ಆತನನ್ನ ತಲೆ ಮೇಲೆ ಹೊತ್ತುಕೊಂಡಿತ್ತು. ಇಲ್ಲಿ ಅದೇ ಸಮಾಜ ಮನೆಯಲ್ಲಿ ಗೌಹರ್ ಪ್ಲೇಟು ಹಾಕಿ ಕೇಳ್ತಿತ್ತು, ಹೊರಗೆ ಬಂದು ತವಾಯಿಫರ ವಿರುದ್ಧ ಚಳವಳಿ ಮಾಡ್ತಿತ್ತು. ಯಾರಿಗೆ ಮರ್ಯಾದೆ ಇಲ್ಲವೋ ಅವರು ಚೌಕಾಸಿಯಲ್ಲಿ ಎಷ್ಟೇ ಗಟ್ಟಿಯಾದರೂ ಒಂದು ಮಿತಿ ಇರುತ್ತೆ.

ಕಾನೂನು ಕೂಡ ಕಂಪನಿ ಪಕ್ಕಕ್ಕೇ ನಿಂತಿತ್ತು. ಬ್ರಿಟನ್ನಿನ 1911ರ ಕಾಪಿರೈಟ್ ಕಾಯಿದೆಯನ್ನ 1914ರಲ್ಲಿ ಭಾರತಕ್ಕೂ ಅಳವಡಿಸಿದರು. ಧ್ವನಿಮುದ್ರಣದ ಬಗ್ಗೆ ಅದು ಹೇಳಿದ್ದು ಏನು ಗೊತ್ತಾ? ಮೂಲ ಪ್ಲೇಟು ಯಾರ ಆಸ್ತಿಯೋ ಅವರೇ ಅದರ ಕರ್ತೃ. ಹಾಡಿದವರು ಕರ್ತೃ ಅಲ್ಲ, ಪ್ಲೇಟಿನ ಒಡೆಯ ಕರ್ತೃ. ಹಾಡಿದವರಿಗೆ ಆ ಧ್ವನಿಮುದ್ರಣದಲ್ಲಿ ಹಕ್ಕು ಅಂತ ಅದು ಏನನ್ನೂ ಇಟ್ಟಿರಲಿಲ್ಲ.

ಗೌಹರ್ ದುಡ್ಡು ಹೇಗೆ ಕರಗಿತು ಅನ್ನೋದಕ್ಕೆ ಜನ ಹೇಳೋ ಕಥೆಗಳು ಬೇರೆ. ಬೆಕ್ಕು ಮರಿ ಹಾಕಿದ್ದಕ್ಕೆ ಸಾವಿರಗಟ್ಟಲೆ ಖರ್ಚು ಮಾಡಿ ಪಾರ್ಟಿ ಕೊಟ್ಟರಂತೆ, ನಾಲ್ಕು ಕುದುರೆ ಗಾಡಿಯಲ್ಲಿ ಓಡಾಡಿ ದಂಡ ಕಟ್ಟಿದರಂತೆ. ಈ "ಅಂತೆ"ಗಳಲ್ಲಿ ಎಷ್ಟು ನಿಜವೋ, ಎಲ್ಲರ ನಾಲಿಗೆ ಮೇಲೆ ಉಳಿದಿರೋದು ಮಾತ್ರ ಇವೇ. ಕಲಾವಿದರು ಬಡವರಾದಾಗ ನಾವು ಮೊದಲು ಹುಡುಕೋದು ಅವರ ದುಂದುವೆಚ್ಚವನ್ನ. ಅದಕ್ಕಿಂತ ಗಟ್ಟಿಯಾದ ಕಾರಣ ಕೋರ್ಟು. 1906ರಲ್ಲಿ ತಾಯಿ ತೀರಿಕೊಂಡ ಮೇಲೆ ಭಗ್ಲು ಅನ್ನೋನು ತಾನೇ ಮಲ್ಕಾ ಜಾನ್ ಮಗ, ಆಸ್ತಿ ತನ್ನದು ಅಂತ ದಾವೆ ಹಾಕಿದ. ಬಿಟ್ಟುಹೋಗಿದ್ದ ಅಪ್ಪನನ್ನ ಹುಡುಕಿ, ತಾನೇ ನಿಜವಾದ ಮಗಳು ಅಂತ ಸಾಬೀತು ಮಾಡಬೇಕಾಯ್ತು. ಗೆದ್ದರು. ಆಮೇಲೆ ಮ್ಯಾನೇಜರ್ ಆಗಿದ್ದ ಅಬ್ಬಾಸ್ ಜೊತೆಗಿನ ಸಂಬಂಧ ಮುರಿದುಬಿದ್ದು ಆಸ್ತಿ ಮತ್ತೆ ಕೋರ್ಟು ಹತ್ತಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ, ಹಾಗೆ. ಕೂಡಿಟ್ಟದ್ದೆಲ್ಲ ಸೋರಿಹೋಯ್ತು.

ಇಂಥ ಹೊತ್ತಿನಲ್ಲಿ ಕೈ ಹಿಡಿಯಬೇಕಾದದ್ದು ಆ 600 ಹಾಡು. ಒಂದೊಂದು ಪ್ಲೇಟಿನ ಮೇಲೂ ಬಿಡಿಗಾಸು ಪಾಲು ಇದ್ದಿದ್ದರೆ ಸಾಕಿತ್ತು. ಕಂಪನಿ 1908ರಲ್ಲೇ ಕಲ್ಕತ್ತೆಯ ಸಿಯಾಲ್ದಾದಲ್ಲಿ ಸ್ವಂತ ಫ್ಯಾಕ್ಟರಿ ಹಾಕಿತ್ತು. ಪ್ಲೇಟಿಗಾಗಿ ಹ್ಯಾನೋವರ್ ಕಡೆ ಕಾಯುವಂತಿರಲಿಲ್ಲ, ಇಲ್ಲೇ ಒತ್ತಿ ಇಲ್ಲೇ ಮಾರೋದು. ಆ ಮಾರುಕಟ್ಟೆ ಕಟ್ಟಿದವರಲ್ಲಿ ಮೊದಲಿಗರು ಮಾತ್ರ ವಯಸ್ಸಾದ ಗಂಟಲು ಇಟ್ಟುಕೊಂಡು ಮತ್ತೆ ಸಂಜೆಗೊಂದು ರೇಟಿನ ಕಛೇರಿ ಹುಡುಕಬೇಕಾಯ್ತು.

ಕೊನೆಗೆ ಕರೆ ಬಂದದ್ದು ಮೈಸೂರಿನಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಹಿಂದೂಸ್ತಾನಿ ಸಂಗೀತ ಹೊಸದಲ್ಲ. ಆಗ್ರಾ ಘರಾಣೆಯ ಫೈಯಾಜ್ ಖಾನ್ ಅವರಿಗೆ ಆಫ್ತಾಬ್-ಎ-ಮೌಸಿಕಿ ಅನ್ನೋ ಬಿರುದು ಸಿಕ್ಕಿದ್ದು ಇಲ್ಲೇ. 1928ರ ಆಗಸ್ಟ್ 1ರಂದು ಗೌಹರ್ ಜಾನ್ ಅರಮನೆಯ ಸಂಗೀತಗಾರ್ತಿಯಾಗಿ ನೇಮಕವಾದರು. ಸಂಬಳ ತಿಂಗಳಿಗೆ 500 ರೂಪಾಯಿ.

ಆ ಕಾಲಕ್ಕೆ ಅದು ಗೌರವದ ಸಂಬಳ. ಆದರೂ ಒಂದು ಲೆಕ್ಕ ಹಾಕಿ ನೋಡಿ. ಕಲ್ಕತ್ತೆಯ ಒಂದು ಸೆಷನ್‌ಗೆ 3,000 ಅನ್ನೋ ಮಾತು ನಿಜವಾದರೆ, ಅದು ಮೈಸೂರಿನ ಆರು ತಿಂಗಳ ಸಂಬಳ. ಸಾವಿರಾರು ಮನೆಗಳಲ್ಲಿ ಅವರ ಪ್ಲೇಟು ತಿರುಗ್ತಾ ಇದ್ದಾಗ ಅವರ ಊಟ ನಡೀತಿದ್ದದ್ದು ಒಬ್ಬ ಮಹಾರಾಜರ ಔದಾರ್ಯದಿಂದ. ಇದು ಮಹಾರಾಜರ ದೊಡ್ಡತನ, ಎರಡು ಮಾತಿಲ್ಲ. ಆದರೆ ಹಕ್ಕಿನಿಂದ ಬರಬೇಕಾದದ್ದು ದಯೆಯಿಂದ ಬಂತು. ದಯೆ ಎಲ್ಲರಿಗೂ ಸಿಗೋದಿಲ್ಲ. ಮೈಸೂರಿನಂಥ ಆಸ್ಥಾನ ಸಿಗದ ಎಷ್ಟು ಗಾಯಕಿಯರು ಹೆಸರೇ ಇಲ್ಲದೆ ಹೋದರೋ.

1930ರ ಜನವರಿ 17ರಂದು ಗೌಹರ್ ಜಾನ್ ಮೈಸೂರಿನಲ್ಲಿ ತೀರಿಕೊಂಡರು. ವಯಸ್ಸು ಐವತ್ತಾರು. ಮರುವರ್ಷ ಭಾರತದ ಸಿನಿಮಾ ಮಾತಾಡೋಕೆ ಶುರುಮಾಡ್ತು, ಹಾಡಿನ ಮಾರುಕಟ್ಟೆ ಇನ್ನೂ ದೊಡ್ಡದಾಯ್ತು. ವಿಕ್ರಮ್ ಸಂಪತ್ ಅವರು ಮೈಸೂರು ಅರಮನೆಯ ದಾಖಲೆಗಳನ್ನ ಕೆದಕಿ ಪುಸ್ತಕ ಬರೆಯೋವರೆಗೆ ಇಷ್ಟು ದೊಡ್ಡ ಹೆಸರು ನಮ್ಮೂರಲ್ಲೇ ಮುಗಿದದ್ದು ನಮ್ಮಲ್ಲೇ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ.

ಆ ಜಗಳ ಅಲ್ಲಿಗೆ ಮುಗೀಲಿಲ್ಲ. 1960ರ ದಶಕದಲ್ಲಿ ಲತಾ ಮಂಗೇಶ್ಕರ್ ಅವರು ರೆಕಾರ್ಡ್ ಮಾರಾಟದಲ್ಲಿ ಗಾಯಕರಿಗೂ ಪಾಲು ಬೇಕು ಅಂತ ಪಟ್ಟು ಹಿಡಿದರು. ಮೊಹಮ್ಮದ್ ರಫಿ ಒಪ್ಪಲಿಲ್ಲ. ಹಾಡಿದ್ದಕ್ಕೆ ಫೀಸು ತಗೊಂಡ ಮೇಲೆ ಮತ್ತೆ ಕೇಳೋದು ಸರಿಯಲ್ಲ ಅನ್ನೋದು ಅವರ ನಿಲುವು. ಕೆಲವು ವರ್ಷ ಇಬ್ಬರೂ ಒಟ್ಟಿಗೆ ಹಾಡಲೇ ಇಲ್ಲ. ರಫಿ ಅವರದು ಸಜ್ಜನರ ಮಾತು. ಹಳೇ ಮೆಹಫಿಲ್ ನ್ಯಾಯ ಅದು: ಹಾಡಿದೆ, ಕಾಣಿಕೆ ಬಂತು, ಋಣ ತೀರಿತು. ಲತಾ ಕೇಳಿದ್ದು ಮರದ ನ್ಯಾಯ. ರಫಿ ಅವರ ಸಜ್ಜನಿಕೆ ಬಗ್ಗೆ ನನಗೆ ಗೌರವ ಇದೆ, ಆದರೆ ಈ ವಿಷಯದಲ್ಲಿ ನಾನು ಲತಾ ಪಕ್ಷ.

ಹಾಡುವವರಿಗೂ ಒಂದು ಹಕ್ಕಿದೆ ಅಂತ ಭಾರತದ ಕಾನೂನು ಒಪ್ಪಿಕೊಂಡದ್ದು 1994ರ ತಿದ್ದುಪಡಿಯಲ್ಲಿ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನ ಕಂಪನಿಗೆ ಬರೆದುಕೊಡೋ ಹಾಗೇ ಇಲ್ಲ ಅಂತ ಮಾಡಿತು, ಗಾಯಕರಿಗೂ ರಾಯಲ್ಟಿ ಹಕ್ಕು ಕೊಟ್ಟಿತು. 1902ರಿಂದ 2012. ನೂರಾ ಹತ್ತು ವರ್ಷ.

ಇದೆಲ್ಲ ನನಗೆ ಯಾಕೆ ಮುಖ್ಯ ಅಂದರೆ, ಮೊನ್ನೆ ಒಂದು ಆಡಿಯೋ ಕಂಪನಿಯವರು ಈ ಪಾಡ್‌ಕಾಸ್ಟನ್ನ ಕೇಳಿದರು. ಸಂಚಿಕೆಗೆ ಇಷ್ಟು ಅಂತ ರೇಟು. ನಿಜ ಹೇಳಬೇಕು ಅಂದರೆ ಒಳ್ಳೇ ರೇಟು, ನನ್ನ ಆರು ತಿಂಗಳ ಬಾಡಿಗೆ ತೀರುತ್ತೆ. ಒಪ್ಪಂದದ ಒಂಬತ್ತನೇ ಪುಟದಲ್ಲಿ ಒಂದು ಸಾಲು: ಎಲ್ಲ ಭಾಷೆ, ಎಲ್ಲ ಮಾಧ್ಯಮ, ಮುಂದೆ ಬರಬಹುದಾದ ಮಾಧ್ಯಮವೂ ಸೇರಿ, ಶಾಶ್ವತವಾಗಿ ಅವರಿಗೆ. ಮುಂದೆ ಬರಬಹುದಾದ ಮಾಧ್ಯಮ! ನನ್ನ ದನಿಯನ್ನ ಯಂತ್ರಕ್ಕೆ ಕಲಿಸಿ, ನಾನಿಲ್ಲದೇನೇ ಸಂಚಿಕೆ ಮಾಡಬಹುದಾ ಅಂತ ಕೇಳಿದೆ. ಅದು ಸ್ಟ್ಯಾಂಡರ್ಡ್ ಕ್ಲಾಸ್ ಸರ್, ಎಲ್ಲರೂ ಸೈನ್ ಮಾಡ್ತಾರೆ ಅಂದರು. ಆ ಸಾಲು ತೆಗೆದರೆ ಮಾತ್ರ ಸೈನ್ ಅಂತ ಬರೆದು ಕಳಿಸಿದ್ದೀನಿ. ಇನ್ನೂ ಉತ್ತರ ಬಂದಿಲ್ಲ. ಬಾಡಿಗೆ ದಿನ ಹತ್ತಿರ ಬರ್ತಿದೆ.

ನಾನು ಗೌಹರ್ ಜಾನ್ ಅಲ್ಲ, ಅದು ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ನಿಮ್ಮಲ್ಲಿ ರೀಲ್ಸ್ ಮಾಡೋರಿದ್ದೀರಿ, ಚಿತ್ರ ಬರೆಯೋರಿದ್ದೀರಿ, ಬೀಟ್ ಮಾಡೋರು, ಕಿರುಚಿತ್ರಕ್ಕೆ ಕಥೆ ಬರೆಯೋರಿದ್ದೀರಿ. ನಿಮಗೆಲ್ಲ ಯಾರೋ ಒಬ್ಬ ಗೈಸ್‌ಬರ್ಗ್ ಸಿಕ್ಕೇ ಸಿಗ್ತಾನೆ. ಒಳ್ಳೆಯವನೇ ಇರಬಹುದು. ಒಳ್ಳೇ ರೇಟೇ ಕೊಡಬಹುದು. ಎಷ್ಟು ಕೊಡ್ತೀರಿ ಅನ್ನೋ ಪ್ರಶ್ನೆ ನಾವೆಲ್ಲ ಕೇಳ್ತೀವಿ. ಕೊಟ್ಟ ಮೇಲೆ ಇದು ಯಾರದು ಅನ್ನೋದನ್ನೂ ಕೇಳಿ. ಗೊನೆಯಾ, ಮರವಾ ಅಂತ ನೋಡಿ. ಕಷ್ಟ ಇದ್ದು ಮರವನ್ನೇ ಮಾರಬೇಕಾಗಿ ಬಂದರೂ ಪರವಾಗಿಲ್ಲ, ಮರದ ಬೆಲೆಗೇ ಮಾರಿ.

ಈ ಸಂಚಿಕೆ ಮುಗಿದ ಮೇಲೆ ಗೌಹರ್ ಅವರ ಒಂದು ಹಾಡು ಹುಡುಕಿ ಕೇಳಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಅಷ್ಟೇ, ಅವರ ಹಾಡುಗಳ ಹಕ್ಕು ಎಂದೋ ಮುಗಿದಿದೆ. ಈಗ ಅವು ಕಂಪನಿಯದೂ ಅಲ್ಲ, ಎಲ್ಲರದೂ. ಸರಸರ ಅನ್ನೋ ಸದ್ದಿನ ನಡುವೆ ಆ ದನಿ ಕೇಳುತ್ತೆ. ಕೊನೆವರೆಗೂ ಕೇಳಿ, ಹೆಸರು ಹೇಳ್ತಾರೆ.